ಡಿ ಡ್ರೈವಿನ ನೆಂಟರು

ಬೇರೆಯವರ ಮನೆಯ ಫೋಟೋ ಆಲ್ಬಮ್ ನೋಡುವುದೆಂದರೆ ನನಗೆ ಸುತರಾಂ ಆಗದು. ನೆಂಟರ ಮನೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ, ಇನ್ನೂ ಕಾಫಿಗೆ ನೀರಿಡುವುದಕ್ಕೂ ಮುಂಚೆ, ಇಟ್ಟಿಗೆಯಷ್ಟು ದಪ್ಪದ ಮದುವೆ ಆಲ್ಬಮ್ ತಂದು ತೊಡೆಯ ಮೇಲೆ ಇಟ್ಟುಬಿಡುವವರಿದ್ದಾರೆ. ಇಟ್ಟವರು ಸುಮ್ಮನೆ ಒಳಗೆ ಹೋಗುವುದೂ ಇಲ್ಲ. ಪಕ್ಕದಲ್ಲೇ ಕೂತು, ನಾವು ಎಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚಿಬಿಡುತ್ತೇವೋ ಎಂದು ಕಾವಲು ಕಾಯುತ್ತಾರೆ. "ಇವರು ನಮ್ಮ ಚಿಕ್ಕಪ್ಪನ ಷಡ್ಡಕ" ಎಂದರೆ ನಾವು "ಓಹೋ" ಎನ್ನಬೇಕು. ಆ ಷಡ್ಡಕನೋ, ಫೋಟೋ ತೆಗೆಯುವವನ ಮುಂದೆಯೇ ಠಿಕಾಣಿ ಹೂಡಿದ್ದವನು, ಪ್ರತಿ ಹಾಳೆಯಲ್ಲೂ ಹಾಜರು. ಪ್ರತಿ ಸಲವೂ ನಮ್ಮ ಓಹೋ ಹೊಸದಾಗಿ ಕೇಳಿಸಬೇಕು. ಇಂಥ ನಾನು ಒಂದು ಚಳಿಗಾಲ ಪೂರ್ತಿ, ಕಂಡು ಕೇಳರಿಯದ ಒಂದು ಸಂಸಾರದ ಫೋಟೋಗಳನ್ನು ದಿನಾ ಸಂಜೆ ಕೂತು ನೋಡಿದೆ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ತಪ್ಪು ನನ್ನದಲ್ಲ ಎಂದು ಹೇಳಿಕೊಳ್ಳುವ ಆಸೆಯಿದೆ. ಅರ್ಧ ತಪ್ಪು ನಮ್ಮ ಮಾಮಿಯದು, ಇನ್ನರ್ಧ ನಾನು ಕೊಂಡ ಹಳೇ ಲ್ಯಾಪ್‌ಟಾಪಿನ ಡಿ ಡ್ರೈವಿನದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನಗಾಗ ಮಸಿನಗುಡಿಯ ಒಂದು ರೆಸಾರ್ಟಿನಲ್ಲಿ ರೂಮು ಬುಕ್ಕಿಂಗ್ ನೋಡಿಕೊಳ್ಳುವ ಕೆಲಸ. ಮನೆ ನೀಲಗಿರಿ ಬೆಟ್ಟದ ಮೇಲೆ, ಕಲ್ಲಟ್ಟಿಯ ಹತ್ತಿರದ ನಮ್ಮ ಹಟ್ಟಿಯಲ್ಲಿ; ಹಟ್ಟಿಯೆಂದರೆ ನಮ್ಮ ಬಡಗರ ಊರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಘಾಟಿ ಇಳಿಯುವುದು, ಸಂಜೆ ಅದೇ ಬಸ್ಸಿನಲ್ಲಿ ಹತ್ತುವುದು. ಇಳಿಯುವಾಗ ಸ್ವೆಟರ್ ಬಿಚ್ಚಿ, ಹತ್ತುವಾಗ ಹಾಕಿಕೊಂಡು, ಒಂದೇ ದಿನದಲ್ಲಿ ಎರಡು ಋತು ಕಾಣುವ ಭಾಗ್ಯ ನಮ್ಮದು. ಚಿಕ್ಕಂದಿನಲ್ಲಿ ನಮ್ಮಪ್ಪ ನನ್ನನ್ನು ಕಾಡಿನಾಚೆ ಗುಂಡ್ಲುಪೇಟೆಯ ಹಾಸ್ಟೆಲಿನಲ್ಲಿಟ್ಟು ಓದಿಸಿದ್ದರಿಂದ ನನ್ನ ಅಕ್ಷರ ಕನ್ನಡ, ಅಡುಗೆಮನೆ ಬಡಗ, ಬಸ್ಸು ತಮಿಳು. ಈ ಮೂರರಲ್ಲಿ ಅಕ್ಷರಕ್ಕೆ ಮಾತ್ರ ಊರಿನಲ್ಲಿ ಕೆಲಸವಿರಲಿಲ್ಲ. ಕೆಲಸವಿಲ್ಲದ್ದು ಸುಮ್ಮನಿರುತ್ತದೆಯೇ? ಬರೆಯುವ ಹುಚ್ಚು ಹಿಡಿಸಿತು. ಕೈಬರಹ ನೋಡಿದ ಮೈಸೂರಿನ ಗೆಳತಿಯೊಬ್ಬಳು, "ನೀನು ಟೈಪ್ ಮಾಡಿ ಕಳಿಸಿದರೆ ಓದುತ್ತೇನೆ, ಇಲ್ಲದಿದ್ದರೆ ಔಷಧಿ ಅಂಗಡಿಯವನಿಗೆ ತೋರಿಸುತ್ತೇನೆ" ಎಂದಳು. ಆ ಮಾತಿಗೆ ರೋಷ ಬಂದು ನಾನು ಲ್ಯಾಪ್‌ಟಾಪ್ ಕೊಳ್ಳಲು ಊಟಿಗೆ ಹೋದೆ. ಹೊಸದಕ್ಕೆ ಕೈ ಹಾಕುವಷ್ಟು ರೋಷವಿರಲಿಲ್ಲ, ಆದ್ದರಿಂದ ಹಳೆಯದನ್ನು ಕೊಂಡೆ.

ಹಳೇ ಸಾಮಾನಿಗೆ ಒಂದು ಗುಣವಿದೆ. ಅದು ನಮ್ಮದಾಗಲು ಸ್ವಲ್ಪ ಕಾಲ ತೆಗೆದುಕೊಳ್ಳುತ್ತದೆ. ನನ್ನ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಯಾರೋ ಮಗು ಅಂಟಿಸಿದ ಹೂವಿನ ಸ್ಟಿಕ್ಕರ್ ಇತ್ತು, ಕೆರೆದರೂ ಹೋಗಲಿಲ್ಲ. ಕೀಲಿಗಳ ಮೇಲಿನ ಕೆಲವು ಅಕ್ಷರ ಸವೆದು ಬೋಳಾಗಿದ್ದವು. ಬ್ಯಾಟರಿ ಪ್ರಾಣ ಬಿಟ್ಟು ಎಷ್ಟು ಕಾಲವಾಗಿತ್ತೋ, ಕರೆಂಟು ಹೋದರೆ ಇದೂ ಅದರ ಹಿಂದೆಯೇ ಹೋಗುತ್ತಿತ್ತು. ಅಂಗಡಿಯವನು ಮಾತ್ರ, "ಅಕ್ಕಾ, ಸೂಪರ್ ಕಂಡೀಷನ್, ಒಬ್ಬರೇ ಓನರ್" ಎಂದು ಸೆಕೆಂಡ್ ಹ್ಯಾಂಡ್ ಜೀಪು ಮಾರುವವನ ಹಾಗೆ ಬೆನ್ನು ತಟ್ಟಿ ಕಳಿಸಿದ. ಬೆನ್ನು ನನ್ನದಲ್ಲ, ಲ್ಯಾಪ್‌ಟಾಪಿನದು.

ಮನೆಗೆ ತಂದು ತೆರೆದರೆ ಅದರೊಳಗೆ ಎರಡು ಭಾಗ. ಸಿ ಎಂದೊಂದು, ಡಿ ಎಂದೊಂದು. ಎ, ಬಿ ಎಲ್ಲಿ ಹೋದವು ಎಂದು ನಾನು ತುಂಬ ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ತಿಳಿಯಿತು, ಹಿಂದೆ ಫ್ಲಾಪಿಗಳಿದ್ದ ಕಾಲದಲ್ಲಿ ಆ ಎರಡು ಹೆಸರು ಅವುಗಳಿಗೆ ಮೀಸಲಾಗಿದ್ದವಂತೆ. ಫ್ಲಾಪಿಗಳು ಹೋದವು, ಆದರೂ ಅವುಗಳ ಹೆಸರನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಯಂತ್ರ ಮಾಡುವವರಿಗೂ ಹಿರಿಯರೆಂದರೆ ಇಷ್ಟು ಮರ್ಯಾದೆ ಇದೆಯಲ್ಲ ಎಂದು ನನಗೆ ಸಂತೋಷವಾಯಿತು. ಸಂತೋಷ ಅಲ್ಲಿಗೇ ನಿಂತಿತು. ಏಕೆಂದರೆ ಈ ಡಿಸ್ಕನ್ನು ಭಾಗ ಮಾಡಿದ ಪುಣ್ಯಾತ್ಮ ಸಿ-ಗೆ ಅಂಗೈಯಷ್ಟು ಜಾಗ ಕೊಟ್ಟು, ಉಳಿದದ್ದೆಲ್ಲ ಡಿ-ಗೆ ಬರೆದುಬಿಟ್ಟಿದ್ದ. ಯಂತ್ರದ ಉಸಿರಾಟವೆಲ್ಲ ನಡೆಯುವುದು ಸಿ-ಯಲ್ಲಿ. ಕನ್ನಡದ ಅಕ್ಷರಗಳ ಸಾಫ್ಟ್‌ವೇರ್ ಒಂದನ್ನು ಹಾಕುತ್ತಲೇ ಅದು ಹೊಟ್ಟೆ ತುಂಬಿದವರ ಹಾಗೆ ತೇಗಲು ಶುರು ಮಾಡಿತು.

ಹಾಗಾದರೆ ಡಿ-ಯಲ್ಲಿ ಏನಿದೆ ಎಂದು ನೋಡಿದೆ. ಫೋಟೋಗಳು. ಒಂದರ ಹಿಂದೆ ಒಂದು, ಸಾಲು ಸಾಲು ಫೋಲ್ಡರುಗಳಲ್ಲಿ, ಮಾರಿದವರು ಅಳಿಸಲು ಮರೆತು ಹೋದ ಫೋಟೋಗಳು. ಮೂರೋ ನಾಲ್ಕೋ ನೋಡಿದ ಮೇಲೆ ನನಗೆ ಪರರ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ ನಾಚಿಕೆಯಾಗಿ ಮುಚ್ಚಿದೆ. ಮುಚ್ಚುವ ಹೊತ್ತಿಗೆ ಮಾಮಿ ಹಿಂದೆ ಬಂದು ನಿಂತಾಗಿತ್ತು.

ಮಾಮಿ ಎಂದರೆ ನಮ್ಮತ್ತೆ, ನನ್ನ ಗಂಡನ ತಾಯಿ. ವಯಸ್ಸು ಕೇಳಿದರೆ "ಎಂಗ ಕಾಲದಲ್ಲಿ ಯಾರು ಎಣಿಸಿದರ?" ಎನ್ನುವವರು. ಅವರಾಡುವ ಬಡಗ ಮಾತನ್ನು ನಿಮಗೆ ತಿಳಿಯುವಷ್ಟು ಸಡಿಲ ಮಾಡಿ ಬರೆಯುತ್ತಿದ್ದೇನೆ. ಅವರ ಬಾಯಲ್ಲಿ ಅದು ಇದಕ್ಕಿಂತ ಚೆಂದ. ಅವತ್ತು ಅವರು ನನ್ನ ಭುಜದ ಮೇಲಿಂದ ಬಗ್ಗಿ, "ಅದ ಏನ ಮುಚ್ಚಿದೆ ಕೂಸೆ? ತೆಗಿ, ನೋಡೋಣ" ಎಂದರು.

"ಯಾರದೋ ಫೋಟೋ ಮಾಮಿ, ನಮ್ಮದಲ್ಲ."

"ನಮ್ಮ ಪೆಟ್ಟಿಗೆಯೊಳಗ ಇದ್ದರ ಅಂದರ ನಮ್ಮದೇ. ತೆಗಿ."

ತೆಗೆದೆ. ಒಂದು ಹೆಂಚಿನ ಮನೆ, ಅಂಗಳದಲ್ಲಿ ಒಣಹಾಕಿದ ಶುಂಠಿ. ಮೀಸೆಯ ಗಂಡಸು, ಅವನ ಹೆಂಡತಿ, ದುಂಡು ಮುಖದ ಒಂದು ಹೆಣ್ಣುಮಗು. ಅವರ ನಡುವೆ ಕುರ್ಚಿಯಲ್ಲಿ ಒಬ್ಬ ಅಜ್ಜಿ, ಬಿಳಿ ಮುಂಡು, ಮೇಲೆ ಬಿಳಿ ಬಟ್ಟೆ. ಚಳಿಗೋ ಏನೋ ಅದನ್ನು ತಲೆಯ ಮೇಲೂ ಎಳೆದುಕೊಂಡಿದ್ದರು. ಮಾಮಿ ಪರದೆಯ ಹತ್ತಿರ ಮೂಗು ತಂದು ನೋಡಿದರು. ಆಮೇಲೆ ತಮ್ಮ ಬಿಳಿ ಮುಂಡನ್ನೂ ತಲೆಯ ಮೇಲಿನ ಬಿಳಿ ಬಟ್ಟೆಯನ್ನೂ ಒಮ್ಮೆ ಮುಟ್ಟಿ ನೋಡಿಕೊಂಡು ತೀರ್ಪು ಕೊಟ್ಟರು.

"ಇವ ಎಂಗ ಹೆಮ್ಮಾತಿ."

ಅಂದರೆ ನಮ್ಮ ಹೆಂಗಸು, ನಮ್ಮ ಬಡಗರವಳು. ಅಜ್ಜಿ ಗೂಡಲೂರಿನ ಕಡೆಯ ಮಲಯಾಳಿ ಎಂಬುದು ನನಗೆ ನೋಡಿದ ತಕ್ಷಣ ಗೊತ್ತಾಗಿತ್ತು. ಮುಂಡು ಉಟ್ಟ ರೀತಿ ಬೇರೆ, ಕಿವಿಯ ಓಲೆ ಬೇರೆ, ಬಾಗಿಲ ಮೇಲಿನ ಬರಹ ಮಲಯಾಳಂ. ಹೇಳಿ ನೋಡಿದೆ. ಮಾಮಿ ನನ್ನ ಕಡೆ ನೋಡಿದ ನೋಟದಲ್ಲಿ, ಹಾಸ್ಟೆಲಿನಲ್ಲಿ ಬೆಳೆದ ಸೊಸೆಗೆ ಬಿಳಿ ಬಟ್ಟೆಯ ಬೆಲೆ ಏನು ತಿಳಿದೀತು ಎಂಬ ಕನಿಕರವಿತ್ತು. 

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಇಬ್ಬರು ಭೇಟಿಯಾದರೆ ಮೊದಲ ಪ್ರಶ್ನೆ ಹೆಸರಲ್ಲ, "ಯಾವ ಹಟ್ಟಿ?" ಎಂಬುದು. ಹಟ್ಟಿ ತಿಳಿದರೆ ಮನೆ ತಿಳಿಯುತ್ತದೆ, ಮನೆ ತಿಳಿದರೆ ಅಲ್ಲಿಗೆ ಹೆಣ್ಣು ಕೊಟ್ಟವರು ಯಾರು ತಂದವರು ಯಾರು ಎಂದು ತಿಳಿಯುತ್ತದೆ, ಐದು ನಿಮಿಷದಲ್ಲಿ ಬಸ್ಸಿನ ಪಕ್ಕದ ಸೀಟಿನ ಅಪರಿಚಿತೆ ನನಗೆ ಅತ್ತಿಗೆಯೋ ಚಿಕ್ಕಮ್ಮನೋ ಆಗಿ ಕೂತಿರುತ್ತಾಳೆ. ಊಟಿ ಬಸ್ ಸ್ಟ್ಯಾಂಡಿನಿಂದ ತಲೈಕುಂದ ತಲುಪುವುದರೊಳಗೆ ನನಗೆ ಮೂವರು ಅತ್ತಿಗೆಯರು ಹುಟ್ಟಿದ ದಿನಗಳಿವೆ. ಬೆಟ್ಟದ ಮೇಲೆ ಎಲ್ಲರೂ ಎಲ್ಲರಿಗೂ ಏನಾದರೂ ಆಗಲೇಬೇಕು, ಸುಮ್ಮನೆ ಯಾರೂ ಇರುವಂತಿಲ್ಲ. ಮಾಮಿಗೆ ಈ ವಿದ್ಯೆ ಕರತಲಾಮಲಕ. ಆದರೆ ಇದುವರೆಗೆ ಅವರು ಅದನ್ನು ಬಾಯಿ ಬಿಟ್ಟು ಉತ್ತರ ಹೇಳುವವರ ಮೇಲೆ ಪ್ರಯೋಗಿಸಿದ್ದರು. ಈ ಅಜ್ಜಿ ಉತ್ತರ ಹೇಳುವಂತಿರಲಿಲ್ಲವಾದ್ದರಿಂದ ಮಾಮಿಗೆ ಇನ್ನೂ ಅನುಕೂಲವೇ ಆಯಿತು.

ಒಂದು ವಾರದಲ್ಲಿ ಅಜ್ಜಿಗೆ ಕುಂದೆ ಕಡೆಯ ಒಂದು ಹಟ್ಟಿ ಗೊತ್ತಾಯಿತು. ಮಾಮಿಯ ಅತ್ತೆಯ ತಂಗಿಯ ಕಡೆಯಿಂದ ಅವರು ಮಾಮಿಗೆ ಅಕ್ಕನ ವರಸೆ. ಮೀಸೆಯವನು ಹಾಗಾಗಿ ಮಗ. ಆ ದುಂಡು ಮುಖದ ಮಗುವಿಗೆ ಮಾಮಿ ಗುಂಡಿ ಎಂದು ಹೆಸರಿಟ್ಟರು. ಸಂಜೆ ದೀಪ ಹಚ್ಚಿ, ಒಲೆಯ ಮುಂದಿನ ಕೆಲಸ ಮುಗಿದ ಕೂಡಲೇ ಶಾಲು ಹೊದ್ದು ಬಂದು ಕೂರುವರು. "ತೆಗಿ, ಗುಂಡಿ ಏನ ಮಾಡಿದ್ದ ನೋಡೋಣ." ಗುಂಡಿ ನೆನ್ನೆ ಮಾಡಿದ್ದನ್ನೇ ಮಾಡಿರುತ್ತಿದ್ದಳು. ಕೇಕ್ ಕತ್ತರಿಸುತ್ತಿದ್ದಳು, ಸ್ಕೂಲ್ ಬ್ಯಾಗು ಹಾಕಿ ಅಳುತ್ತಿದ್ದಳು, ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಿದ್ದಳು. ಆದರೂ ಮಾಮಿಗೆ ದಿನಾ ಹೊಸ ಸುದ್ದಿ ಸಿಗುತ್ತಿತ್ತು. ಸೊಸೆಯ ಕೈಯಲ್ಲಿ ಬಳೆ ಕಡಿಮೆಯಾಗಿದೆ, ಯಾಕೆ? ಮಗ ದಪ್ಪಗಾಗಿದ್ದಾನೆ, ಕೆಲಸ ಮಾಡುವುದು ಬಿಟ್ಟನೋ? ಅಜ್ಜಿ ಎಡಗಾಲು ಊರುತ್ತಿಲ್ಲ, ಮಂಡಿ ನೋವು ಶುರುವಾಗಿದೆ, ಎಣ್ಣೆ ಹಚ್ಚುವವರು ಯಾರು? ನನ್ನ ಗಂಡ ಕ್ಯಾರೆಟ್ ಮೂಟೆಗಳ ಲೆಕ್ಕ ಬಿಟ್ಟು ತಲೆಯೆತ್ತಿ, "ಅವ್ವೆ, ನಿನ್ನ ಅಕ್ಕನ ಮನೆಯಲ್ಲಿ ಅಡುಗೆ ಏನ?" ಎಂದು ಕಿಚಾಯಿಸುವರು. ಮಾಮಿ ಗಂಭೀರವಾಗಿ, "ಮೀನು. ಗೂಡಲೂರು ಕಡೆ ಹೋದ ಮೇಲೆ ಕೆಟ್ಟುಹೋದರ" ಎನ್ನುವರು. ನಾನು ನಗುತ್ತಿದ್ದೆ. ನಗುತ್ತ ನಗುತ್ತಲೇ ನನಗೂ ಬಸ್ಸಿನಲ್ಲಿ ಮನೆಗೆ ಬರುವಾಗ ಗುಂಡಿ ನೆನಪಾಗತೊಡಗಿದಳು.

ಇತ್ತ ನನ್ನ ಸಾಹಿತ್ಯದ ಕಥೆ ಕೇಳಬೇಡಿ. ಟೈಪ್ ಮಾಡಿ ಉಳಿಸಹೋದರೆ ಜಾಗ ಸಾಲದೆಂಬ ಹಳದಿ ಗುಳ್ಳೆಯೊಂದು ಪರದೆಯ ಮೂಲೆಯಲ್ಲಿ ಏಳುತ್ತಿತ್ತು. ನಾಲ್ಕು ಸಾಲು ಬರೆದರೆ ಯಂತ್ರ ನಿಂತಲ್ಲೇ ಕಲ್ಲಾಗುತ್ತಿತ್ತು. ಡಿ-ಯಲ್ಲಿ ಉಳಿಸೋಣವೆಂದರೆ ಅಲ್ಲೂ ನೆಂಟರು ಒತ್ತಿ ಕೂತಿದ್ದರು. ಅಂಗಡಿಯವನನ್ನು ಕೇಳಿದೆ. ಅವನು ಸಲೀಸಾಗಿ, "ಸಿಂಪಲ್ ಅಕ್ಕಾ. ಡಿ-ಯಲ್ಲಿರೋದನ್ನೆಲ್ಲ ತೂಕ್ಕಿಡುಂಗ, ತೆಗೆದುಹಾಕಿ, ಆಮೇಲೆ ಸಿ ಜೊತೆ ಸೇರಿಸಿಬಿಡಿ" ಎಂದು ಒಂದು ಸಿ.ಡಿ. ಕೊಟ್ಟ. ಎರಡನ್ನೂ ಒಂದು ಮಾಡುವ ಸಾಫ್ಟ್‌ವೇರ್ ಅದರಲ್ಲಿತ್ತು. ಒಂದೇ ಒಂದು ನಿಯಮ: ಸೇರಿಸುವಾಗ ಡಿ ಖಾಲಿಯಿರಬೇಕು, ನಡುವೆ ಕರೆಂಟು ಹೋಗಬಾರದು. ನಿಯಮ ಎರಡಾಯಿತಲ್ಲ ಎಂದರೆ ಅವನು ಎರಡನೆಯದು ನಮ್ಮ ಊರಿಗೆ ಮಾತ್ರ ಎಂದ.

ಸಂಜೆ ಮಾಮಿಗೆ ವಿಷಯ ತಿಳಿಸಿದೆ. ತಿಳಿಸುವುದು ಹೇಗೆ ಎಂದು ಯೋಚಿಸಿ ನಮ್ಮ ಹಳೇ ಮನೆಗಳ ಉಪಮಾನ ಹಿಡಿದೆ. ನಮ್ಮ ಮನೆಗಳಲ್ಲಿ ಹೊರಮನೆ ಒಳಮನೆ ಎಂದು ಇರಲಿಲ್ಲವೇ, ಹಾಗೆ ಈ ಪೆಟ್ಟಿಗೆಯೊಳಗೂ ಎರಡಿವೆ, ಹೊರಮನೆಯಲ್ಲಿ ನನಗೆ ಕಾಲು ಚಾಚಲು ಜಾಗವಿಲ್ಲ, ಒಳಮನೆಯನ್ನು ಖಾಲಿ ಮಾಡಿ ನಡುವಿನ ಗೋಡೆ ತೆಗೆದುಬಿಡುತ್ತೇನೆ ಎಂದೆ. ನನ್ನ ವಿವರಣೆಗೆ ನಾನೇ ಮೆಚ್ಚಿಕೊಂಡೆ.

ಮಾಮಿ ಮೆಚ್ಚಲಿಲ್ಲ. "ಖಾಲಿ ಮಾಡಿದರ ಅವಕ ಎಲ್ಲಿ ಹೋದರ?"

"ಫೋಟೋ ಮಾಮಿ. ಅಳಿಸಿದರೆ ಹೋಗುತ್ತದೆ. ಬೇಕಾದರೆ ಒಂದು ಸಿ.ಡಿ.ಗೆ ಹಾಕಿ ಬೀರುವಿನಲ್ಲಿ ಇಡುತ್ತೇನೆ."

ಮಾಮಿ ಕಡೆಯ ಫೋಲ್ಡರನ್ನು ತೆಗೆಯಲು ಹೇಳಿದರು. ಅದು ಅವರು ಎಲ್ಲೋ ಪ್ರವಾಸ ಹೋದದ್ದು. ಸಮುದ್ರ, ದೋಣಿ, ತೆಂಗಿನಮರ. ಈ ಫೋಲ್ಡರ್ ಬಂದರೆ ನಾನು ಬೇಗ ಬೇಗ ಓಡಿಸಿಬಿಡುತ್ತಿದ್ದೆ, ಏಕೆಂದರೆ ಫೋಟೋಗಳು ಅಷ್ಟು ಕೆಟ್ಟದಾಗಿದ್ದವು. ಎಲ್ಲ ಒಂದು ಕಡೆಗೆ ವಾಲಿದ್ದವು. ಹೊಟ್ಟೆ ಹಿಡಿದುಕೊಂಡು ನಿಂತ ಗಂಡನಿಗೆ ತಲೆಯಿಲ್ಲ, ಹೆಂಡತಿಗೆ ಕಾಲಿಲ್ಲ, ಸಮುದ್ರ ಇಳಿಜಾರಿನಲ್ಲಿ ಹರಿದು ಹೋಗುತ್ತಿದೆ. ದಾರಿಯಲ್ಲಿ ಹೋಗುವ ಯಾರೋ ಕುಡುಕನ ಕೈಗೆ ಕ್ಯಾಮೆರಾ ಕೊಟ್ಟಿದ್ದರು ಎಂಬುದು ನನ್ನ ತೀರ್ಮಾನ. ಮಾಮಿ ಒಂದೊಂದನ್ನೂ ಬೆರಳಿನಿಂದ ತೋರಿಸಿ, "ಇಲ್ಲಿ ಅವ ಇಲ್ಲೆ. ಇಲ್ಲಿಯೂ ಇಲ್ಲೆ. ಇಲ್ಲಿಯೂ ಇಲ್ಲೆ" ಎಂದರು. ಹೌದು, ಇಡೀ ಪ್ರವಾಸದಲ್ಲಿ ಅಜ್ಜಿ ಒಂದು ಫೋಟೋದಲ್ಲೂ ಇರಲಿಲ್ಲ. ಅದಕ್ಕೆ ಹಿಂದಿನದರಲ್ಲಿ ಎಡಗಾಲು ನೀಡಿ ಕೂತಿದ್ದವರು ಆಮೇಲೆ ಎಲ್ಲಿಯೂ ಇಲ್ಲ. ಅಲ್ಲಿಗೆ ಫೋಲ್ಡರುಗಳೂ ಮುಗಿದಿದ್ದವು.

"ಅವ ಹೋಗಿಬಿಟ್ಟಿದ್ದ ಕೂಸೆ," ಎಂದರು ಮಾಮಿ. "ಎಂಗಕ ಯಾರೂ ಹೇಳಿ ಕಳಿಸಿಲ್ಲೆ. ನಾ ಹೋಗಿಲ್ಲೆ."

ಇದರ ಭಾರ ನಿಮಗೆ ತಿಳಿಯಬೇಕಾದರೆ ನಮ್ಮ ಕಡೆಯ ಸಾವಿನ ರೀತಿ ತಿಳಿದಿರಬೇಕು. ಮದುವೆಗೆ ಹೋಗದಿದ್ದರೆ ನಮ್ಮಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ಸಾವಿಗೆ ಹೋಗದಿದ್ದರೆ ಮಾತ್ರ ಮರೆಯುವುದಿಲ್ಲ. ಒಂದು ಹಟ್ಟಿಯಲ್ಲಿ ಸಾವಾದರೆ ನೆಂಟಸ್ತಿಕೆ ಇರುವ ಎಲ್ಲ ಹಟ್ಟಿಗಳಿಗೂ ಸುದ್ದಿ ಹೋಗಬೇಕು. ಸುದ್ದಿ ಬಂದವರು ಚಹಾ ಎಲೆ ಕೊಯ್ಯುವುದಿರಲಿ, ಕ್ಯಾರೆಟ್ ತೊಳೆಯುವುದಿರಲಿ, ಬಿಟ್ಟು ಹೊರಡಬೇಕು. ಮಾಮಿ ತಮ್ಮ ಜೀವಮಾನದಲ್ಲಿ ತಪ್ಪಿಸಿದ ಸಾವು ಇಲ್ಲ. ಬಸ್ಸಿಲ್ಲದ ದಿನ ನಡೆದು ಹೋಗಿದ್ದಾರೆ, ಜ್ವರದಲ್ಲಿ ಹೋಗಿದ್ದಾರೆ, ಮಾತು ಬಿಟ್ಟವರ ಮನೆಗೂ ಹೋಗಿ ಅತ್ತು ಬಂದಿದ್ದಾರೆ. ಅಂಥವರು ಈಗ, ಅಕ್ಕನ ವರಸೆಯ ಒಬ್ಬಳು ಸತ್ತದ್ದನ್ನು ತಿಳಿಯದೆ ದಿನಾ ಸಂಜೆ ಶಾಲು ಹೊದ್ದು ಕೂತು ಅವಳ ಸೊಸೆಯ ಬಳೆ ಎಣಿಸಿದೆನಲ್ಲ ಎಂದು ನೊಂದುಕೊಂಡರು. ಅದರ ಮೇಲೆ ನಾನು ಅವಳನ್ನು ಪೆಟ್ಟಿಗೆಯಿಂದಲೂ ಅಳಿಸಹೊರಟಿದ್ದೆ. "ತಿಳಿಯುವವರೆಗ ತೆಗೆಯಬೇಡ" ಎಂದು ಹೇಳಿ ಎದ್ದು ಹೋದರು. ಆ ಸಂಜೆ ಗುಂಡಿಯನ್ನು ಕೇಳಲಿಲ್ಲ. ಮಾರನೆಯ ದಿನವೂ ಬಂದು ಕೂರಲಿಲ್ಲ.

ಮೊದಲು ನನಗೆ ಸಿಟ್ಟು ಬಂತು. ಆ ಅಜ್ಜಿ ನಮ್ಮವಳಲ್ಲ, ಇದು ನನ್ನ ಲ್ಯಾಪ್‌ಟಾಪು, ಜಾಗವಿಲ್ಲದೆ ನನ್ನ ಪ್ರಬಂಧಗಳು ಉಸಿರು ಕಟ್ಟಿ ಸಾಯುತ್ತಿವೆ, ಅವುಗಳ ಸಾವಿಗೆ ಯಾರು ಬರುತ್ತಾರೆ ಎಂದೆಲ್ಲ ಗಂಡನ ಹತ್ತಿರ ಕೂಗಾಡಿದೆ. ಅವರು ಕೇಳಿಸಿಕೊಂಡು, "ನೀನೇ ಡಿಲೀಟ್ ಒತ್ತಿ ನೋಡು" ಎಂದರು. ಒತ್ತಲು ಕೂತೆ. ಆ ಬಟನ್ ಒತ್ತಿದರೆ ಯಂತ್ರ ಒಂದು ಸಲ ಕೇಳುತ್ತದೆಯಲ್ಲ, ನಿಜವಾಗಿ ಅಳಿಸಬೇಕೇ ಎಂದು. ಆ ಪ್ರಶ್ನೆಯನ್ನು ಅಷ್ಟು ಹೊತ್ತು ನೋಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಕಡೆಗೆ ಬೇಡ ಎಂದು ಒತ್ತಿ, ಕಡೆಯ ಫೋಲ್ಡರನ್ನು ಮತ್ತೆ ತೆರೆದು, ತಲೆಯಿಲ್ಲದ ಮೀಸೆಯವನ ಹಿಂದೆ, ದೋಣಿಯ ಮರೆಯಲ್ಲಿ, ಎಲ್ಲಾದರೂ ಬಿಳಿ ಬಟ್ಟೆಯ ತುದಿ ಕಾಣುತ್ತದೆಯೇ ಎಂದು ಹುಡುಕಿದೆ. ಕಾಣಲಿಲ್ಲ. ಮಾಮಿಯ ತಪ್ಪು ಲೆಕ್ಕದಲ್ಲಿ ನಾನೂ ಸೇರಿಹೋಗಿದ್ದೆ. ಅವರಿಗೆ ಅಕ್ಕನಾದವರು ನನಗೆ ದೊಡ್ಡತ್ತೆಯಾಗಿದ್ದರು.

ರಜೆಯ ದಿನ ಊಟಿಗೆ ಹೋಗಿ ಅಂಗಡಿಯವನನ್ನು ಹಿಡಿದೆ. ಲ್ಯಾಪ್‌ಟಾಪ್ ಮಾರಿದವರ ಫೋನ್ ನಂಬರ್ ಬೇಕು ಎಂದೆ. ಅವನು ಗಾಬರಿಯಾದ. "ಯಾಕಕ್ಕಾ, ಏನಾದರೂ ಕಂಪ್ಲೇಂಟಾ?" ಎಂದು ಕೇಳಿದ. ಅವರ ಮನೆಯ ಅಜ್ಜಿ ಬದುಕಿದ್ದಾರೋ ಇಲ್ಲವೋ ತಿಳಿಯಬೇಕು ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ ನಂಬರ್ ಹುಡುಕಿ ಕೊಟ್ಟ. ವಾರಂಟಿಯಲ್ಲಿ ಇದೂ ಸೇರಿದೆಯೋ ಎಂದು ಅವನಿಗೇ ಅನುಮಾನ ಬಂದಿರಬೇಕು.

ಮನೆಯ ಫೋನಿನಿಂದ ಮಾಡಿದೆ. ಮಾಮಿ ಪಕ್ಕದಲ್ಲಿ, ಆಗಲೇ ಅಳಲು ಸಿದ್ಧವಾಗಿ, ತಲೆಯ ಬಟ್ಟೆಯ ತುದಿ ಕೈಯಲ್ಲಿ ಹಿಡಿದು ಕೂತಿದ್ದರು. ಫೋನೆತ್ತಿದವನು ಮೀಸೆಯವನೇ. ಮೀಸೆ ಧ್ವನಿಯಲ್ಲೂ ಇತ್ತು. ನಾನು ತಮಿಳಿನಲ್ಲಿ ನನ್ನ ಪರಿಚಯ ಹೇಳಿ, ನಿಮ್ಮ ಲ್ಯಾಪ್‌ಟಾಪ್ ಕೊಂಡವಳು, ಅದರಲ್ಲಿ ನಿಮ್ಮ ಫೋಟೋಗಳು ಉಳಿದುಬಿಟ್ಟಿವೆ, ತಪ್ಪು ತಿಳಿಯಬೇಡಿ, ನಾವು ನೋಡಿದೆವು ಎಂದು ತೊದಲಿದೆ. ಅವನು ನಕ್ಕ. ಎಲ್ಲಕ್ಕೂ ಕಾಪಿ ಇದೆ, ಹೊಸ ಕಂಪ್ಯೂಟರಿಗೆ ಹಾಕಿಕೊಂಡೇ ಮಾರಿದ್ದು, ಅಳಿಸುವುದು ಮರೆತುಹೋಯಿತು ಎಂದ. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಮಾಮಿ ನನ್ನ ಮೊಣಕೈ ಹಿಂಡಿದರು.

"ನಿಮ್ಮ ಅಮ್ಮ..." ಎಂದೆ. ಮುಂದೆ ಹೇಗೆ ಕೇಳುವುದು? ಬಿಳಿ ಮುಂಡಿನ ಅಮ್ಮ, ಕುರ್ಚಿಯ ಮೇಲೆ ಕೂರುತ್ತಿದ್ದವರು, ಸಮುದ್ರದ ಫೋಟೋಗಳಲ್ಲಿ ಅವರು ಒಂದರಲ್ಲೂ ಇಲ್ಲವಲ್ಲ ಎಂದೆ.

ಅವನು ಫೋನು ಒಡೆಯುವಂತೆ ನಕ್ಕು, "ಅಮ್ಮಯಲ್ಲೇ ಫೋಟೋ ಎಡುತ್ತದು!" ಎಂದ.

ಅಮ್ಮನೇ ತೆಗೆದ ಫೋಟೋಗಳವು. ಹೊಸ ಕ್ಯಾಮೆರಾ ಕೊಂಡಿದ್ದರಂತೆ. ಬಸ್ಸಿನಲ್ಲಿ ಅಮ್ಮ ಸುಮ್ಮನೆ ನೋಡಿ ಕೊಡುತ್ತೇನೆಂದು ಈಸಿಕೊಂಡವರು ನಾಲ್ಕು ದಿನ ವಾಪಸು ಕೊಡಲಿಲ್ಲವಂತೆ. ಯಾರ ತಲೆ ಬಂತು ಯಾರ ಕಾಲು ಹೋಯಿತು ಎಂದು ನೋಡುವ ಗೋಜಿಗೂ ಹೋಗದೆ ಒತ್ತಿದ್ದೇ ಒತ್ತಿದ್ದಂತೆ. ಅವನು ಹೇಳುತ್ತಿದ್ದ ಹಾಗೆ ನನ್ನ ಕಣ್ಣ ಮುಂದೆ ಆ ವಾಲಿದ ಸಮುದ್ರ ಬಂತು. ಅಷ್ಟೂ ಫೋಟೋಗಳಲ್ಲಿ ಆ ತಲೆಯಿಲ್ಲದವರೆಲ್ಲ ಯಾಕೆ ಹಾಗೆ ಹೊಟ್ಟೆ ಹಿಡಿದುಕೊಂಡು ನಿಂತಿದ್ದರು ಎಂಬುದೂ ತಿಳಿಯಿತು. ನಗುತ್ತಿದ್ದರು.

"ಇದ್ದಾರೆ ಮಾಮಿ, ಚೆನ್ನಾಗಿದ್ದಾರೆ" ಎಂದೆ. ಮಾಮಿ ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಆ ಕಡೆಯೂ ಯಾರೋ ಮಗನ ಕೈಯಿಂದ ಕಿತ್ತುಕೊಂಡಿರಬೇಕು. ಏಕೆಂದರೆ ಆಮೇಲೆ ಶುರುವಾದ ಮಾತು ಹಾಲು ಕರೆಯುವ ಹೊತ್ತಾದರೂ ಮುಗಿಯಲಿಲ್ಲ. ಮಾಮಿ ಬಡಗದಲ್ಲಿ, ಅಜ್ಜಿ ಮಲಯಾಳದಲ್ಲಿ, ನಡುನಡುವೆ ಇಬ್ಬರಿಗೂ ಅರ್ಧ ಬರುವ ತಮಿಳಿನಲ್ಲಿ. ಮಾಮಿ ತಮ್ಮ ಧ್ವನಿ ಬೆಟ್ಟ ಹತ್ತಿ ತಾನೇ ಗೂಡಲೂರಿಗೆ ಹೋಗಬೇಕೆಂಬ ಹಾಗೆ ಕೂಗುತ್ತಿದ್ದರು. ಮಂಡಿಗೆ ಯಾವ ಎಣ್ಣೆ ಎಂದು ಕೇಳಿದರು. ಮೀನು ಬಿಡಬೇಕೆಂದು ಹೇಳಿದರು. ಗುಂಡಿಗೆ ಹಲ್ಲು ಬಂತೇ ಎಂದರು. ಆ ಕಡೆಯವರಿಗೆ ಗುಂಡಿ ಯಾರೆಂದು ಹೇಗೆ ತಿಳಿಯಬೇಕು? ಆದರೂ ಏನೋ ಉತ್ತರ ಬಂತು, ಮಾಮಿ ಸಮಾಧಾನದಿಂದ ತಲೆಯಾಡಿಸಿದರು. ಫೋನಿಟ್ಟ ಮೇಲೆ ನಾನು, ಈಗಲಾದರೂ ಗೊತ್ತಾಯಿತಲ್ಲ, ಅವರು ನಮ್ಮವರಲ್ಲ ಎಂಬ ಅರ್ಥದ ಮುಖ ಮಾಡಿ ನೋಡಿದೆ.

"ಎಂಗ ಹೆಮ್ಮಾತಿಯೇ," ಎಂದರು ಮಾಮಿ. "ಸಣ್ಣ ವಯಸ್ಸಿನಲ್ಲಿ ಆ ಕಡೆ ಕೊಟ್ಟಿದ್ದರ. ಪಾಪ, ಮಾತು ಮರೆತುಬಿಟ್ಟಿದ್ದ."

ಇದಕ್ಕೆ ಮೇಲೆ ಅಪೀಲು ಇಲ್ಲ. ನಾನು ಕೈ ಮುಗಿದೆ. ಬಹಳ ಸಮಾಧಾನದಲ್ಲಿದ್ದಾಗ ದೊಡ್ಡ ವರಗಳನ್ನು ಕೇಳಿಬಿಡಬೇಕು ಎಂದು, ಆ ಫೋಟೋಗಳ ವಿಷಯ ಏನು ಮಾಡಲಿ ಎಂದೆ.

"ತೆಗಿ" ಎಂದರು ಸಲೀಸಾಗಿ. "ಅವಕ ಅವರ ಮನೆಯಲ್ಲಿ ಒಳ್ಳೆ ಇದ್ದರ. ಎಂಗ ಪೆಟ್ಟಿಗೆಯಲ್ಲಿ ಏಕೆ?"

ಈಗ ತೆಗೆಯಲಾರದವಳು ನಾನಾದೆ. ಸತ್ತಿದ್ದಾರೆ ಎಂದುಕೊಂಡಾಗ ಅಳಿಸಲು ಕೈ ಬರಲಿಲ್ಲ, ಬದುಕಿದ್ದಾರೆ ಎಂದು ತಿಳಿದ ಮೇಲಂತೂ ಮನಸ್ಸೇ ಬರಲಿಲ್ಲ. ಆದರೂ ಮಾಮಿಯ ಮಾತಿನಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇತ್ತು. ನೆಂಟರು ಎಷ್ಟು ಹತ್ತಿರದವರಾದರೂ ಅವರ ಮನೆ ಅವರಿಗೆ. ಮಾರನೆಯ ದಿನ ಲ್ಯಾಪ್‌ಟಾಪನ್ನು ಮಸಿನಗುಡಿಗೆ ಹೊತ್ತುಕೊಂಡು ಹೋದೆ. ರೆಸಾರ್ಟಿನಲ್ಲಿ ಜನರೇಟರ್ ಇತ್ತು, ಅದು ಶುರುವಾಗುವವರೆಗೆ ಕರೆಂಟು ಹಿಡಿದಿಡುವ ಯು.ಪಿ.ಎಸ್. ಕೂಡ ಇತ್ತು. ಗಿರಾಕಿಗಳು ಸಫಾರಿಗೆಂದು ತೆಪ್ಪಕಾಡಿನ ಕಡೆ ಹೋದ ಹೊತ್ತಿನಲ್ಲಿ ಒಬ್ಬಳೇ ಕೂತು, ಗುಂಡಿಗೆ ಒಂದು ಟಾಟಾ ಮಾಡಿ, ಡಿ-ಯನ್ನು ಖಾಲಿ ಮಾಡಿದೆ. ಸಿ.ಡಿ. ಹಾಕಿದೆ. ಪರದೆಯ ಮೇಲೆ ಎರಡು ಪಟ್ಟಿಗಳು ಪಕ್ಕಪಕ್ಕ ಇದ್ದವು. ನಡುವಿನ ಗೆರೆ ಮಾಯವಾಗಲು ಇಡೀ ಮಧ್ಯಾಹ್ನ ಹಿಡಿಯಿತು. ಡಿಸ್ಕ್ ಒಳಗೆ ಕರಕರ ಎನ್ನುತ್ತಿತ್ತು. ಎರಡು ಸಲ ಕರೆಂಟು ಹೋಗಿ ಜನರೇಟರ್ ಗುಡುಗಿತು, ಎರಡು ಸಲವೂ ನನ್ನ ಜೀವ ಬಾಯಿಗೆ ಬಂತು. ಕಡೆಗೆ ಒಂದೇ ಪಟ್ಟಿ ಉಳಿಯಿತು. ಸಿ ಅಷ್ಟು ದೊಡ್ಡದಾಗಿ ಕಂಡಿತೆಂದರೆ ಅದನ್ನು ತುಂಬಿಸಲು ನಾನು ಇನ್ನೊಂದು ಜನ್ಮವೂ ಬರೆಯಬೇಕಾದೀತು ಎನ್ನಿಸಿ ಸ್ವಲ್ಪ ಹೆದರಿಕೆಯೇ ಆಯಿತು.

ಅದರ ನಂತರದ ಭಾನುವಾರ ಮಧ್ಯಾಹ್ನ, ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿದ್ದಾಗ, ಬರೆಯೋಣವೆಂದು ಕೂತೆ. ಮಾಮಿ ಅಭ್ಯಾಸಬಲದಿಂದ ಬಂದು ಪಕ್ಕದಲ್ಲಿ ಕೂತರು. ಏನೂ ಇಲ್ಲ ಮಾಮಿ, ಎಲ್ಲ ಖಾಲಿ ಎಂದೆ.

"ಅವರದ ಆತು. ಎಂಗದ ತೋರು" ಎಂದರು.

ನಮ್ಮದು. ನಾನು ಕೀಲಿಗಳ ಮೇಲೆ ಕೈಯಿಟ್ಟವಳು ಹಾಗೇ ಕೂತೆ. ಗುಂಡಿಯ ಎಷ್ಟನೆಯ ಹಲ್ಲು ಯಾವಾಗ ಬಿತ್ತು ಎಂದು ಬಲ್ಲ ನಮ್ಮ ಮನೆಯಲ್ಲಿ, ನಮ್ಮದು ಎಂದು ತೋರಿಸಲು ಒಂದು ಫೋಟೋ ಇರಲಿಲ್ಲ. ಮದುವೆಯ ಆಲ್ಬಮ್ ನಾನೇ ಬೇಡವೆಂದಿದ್ದೆ. ಮಾಮಿಯದು ರೇಷನ್ ಕಾರ್ಡಿನ ಮೇಲೆ ಒಂದಿದೆ, ಅದರಲ್ಲಿ ಸೀಲು ಅರ್ಧ ಮುಖದ ಮೇಲೆ ಬಿದ್ದಿದೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಊಟ ಮಾಡಿದ ಈ ಹೆಂಗಸಿನ ಮುಖವನ್ನು ಉಳಿಸಿಕೊಳ್ಳಬೇಕೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

"ಇಲ್ಲ ಮಾಮಿ. ನಮ್ಮದು ಇಲ್ಲ" ಎಂದೆ.

"ಇಲ್ಲದಿದ್ದರ ಈಗ ತೆಗಿ" ಎಂದು ಅವರು ಹೊರಗೆ ತಿರುಗಿ, ತೋಟದಲ್ಲಿದ್ದ ಮಗನನ್ನು ಕೂಗಿದರು. ಮುಖ ತೊಳೆದು ಬರಬೇಕು, ತಲೆ ಬಾಚಬೇಕು, ಬೇಗ. ಏನೋ ಅನಾಹುತವಾಯಿತೆಂದು ನನ್ನ ಗಂಡ ಓಡಿ ಬಂದು, ವಿಷಯ ತಿಳಿದು, ಮುಖ ತೊಳೆದು ಬಂದರು. ಮಾಮಿ ನಡುವೆ ಕೂತರು. ಗಂಡ ಒಂದು ಕಡೆ, ನಾನು ಒಂದು ಕಡೆ. ಮೂವರೂ ಬೆನ್ನು ನೆಟ್ಟಗೆ ಮಾಡಿ ಲ್ಯಾಪ್‌ಟಾಪನ್ನೇ ನೋಡುತ್ತಿದ್ದೆವು. ಫೋಟೋ ಇರುವ ಪೆಟ್ಟಿಗೆಯೇ ಫೋಟೋ ತೆಗೆಯುತ್ತದೆ ಎಂದು ಮಾಮಿ ನಂಬಿದ್ದರು. ಇದರಲ್ಲಿ ಕ್ಯಾಮೆರಾ ಇಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಗಂಡ ಮಾಮಿಯ ಬೆನ್ನ ಹಿಂದಿನಿಂದ ಕೈ ಚಾಚಿ ನನ್ನ ಭುಜ ಅದುಮಿದರು. ಬಾಯಿ ಮುಚ್ಚಿದೆ.

ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಆ ಯಂತ್ರದ ಪರದೆ ತಾನಾಗಿ ಆರಿ ಕಪ್ಪಾಗುತ್ತದೆ. ಹಾಗೇ ಆಯಿತು. ಆ ಕಪ್ಪಿನಲ್ಲಿ, ಕಿಟಕಿಯ ಬಿಸಿಲಿಗೆ, ನಾವು ಮೂವರೂ ಕಂಡೆವು. ಗಂಡನ ಒದ್ದೆ ತಲೆ, ನನ್ನ ತೆರೆದು ಮುಚ್ಚಿದ ಬಾಯಿ, ನಡುವೆ ಮಾಮಿಯ ಪೂರ್ತಿ ಮುಖ.

"ಬಂತು ನೋಡು" ಎಂದರು ಮಾಮಿ.

ತಮಾಷೆಗೆ ಹೇಳಿದರೋ ನಿಜಕ್ಕೂ ಹಾಗೆ ತಿಳಿದರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮುಂದಿನ ವಾರವೇ ಊಟಿಗೆ ಹೋಗಿ ಒಂದು ಕ್ಯಾಮೆರಾ ತಂದೆ. ಅದರಲ್ಲಿ ಮಾಮಿಯ ಫೋಟೋಗಳನ್ನು ರಾಶಿ ರಾಶಿ ತೆಗೆದಿದ್ದೇನೆ, ನಮ್ಮ ಮನೆಗೆ ಬಂದವರ ಮುಂದೆ ಕಾಫಿಗೆ ಮೊದಲೇ ತೆರೆದು ಇಡುತ್ತೇನೆ. ಆದರೆ ಅವುಗಳಲ್ಲಿ ಒಂದೂ ಅವತ್ತಿನಷ್ಟು ಚೆನ್ನಾಗಿ ಬಂದಿಲ್ಲ.